ಲೇಬಲ್ಲು

ಗೆಜ್ಜಲಗೆರೆ ಗಾರ್ಮೆಂಟ್ಸಲ್ಲಿ ನನ್ ಕೆಲ್ಸ
ಕಾಲರೊಳಗೆ ಲೇಬಲ್ ಹೊಲಿಯೋದು.
ಗಂಟೆಗೆ ನೂರಿಪ್ಪತ್ತು.
ಅಂಗಿ ಯಾರ ಮೈಗೋ, ನಾ ಕೇಳಾಕಿಲ್ಲ.

ಮಂಡ್ಯದ ಡಾಕ್ಟ್ರೂ ಕೇಳ್ನಿಲ್ಲ.
ನಿದ್ದೆ ಬತ್ತದಾ? ಊಟ ಸೇರ್ತದಾ?
ಯಾರೋ ಮಾತಾಡ್ದಂಗೆ ಕೇಳಿಸ್ತದಾ?
ಕೇಳಿಸ್ತದೆ ಅಂದೆ.
ಯಾರ ದನಿ ಅಂದಿದ್ರೆ ಹೇಳ್ತಿದ್ದೆ:
ಏಳು ತಿಂಗ್ಳಿಗೇ ಹುಟ್ಟಿ ಹೋದ ಕೂಸು,
ಹೆಸ್ರೂ ಮಡಗಿರ್ನಿಲ್ಲ,
ಕರೆಂಟು ಹೋಗಿ ಇನ್ನೂರು ಮಿಸಿನ್ನು ನಿಂತಾಗ ಮಾತ್ರ
ಅಳ್ತದೆ.

ಅಷ್ಟರಲ್ಲಿ ಟೋಕನ್ ನಲವತ್ತೊಂದು ಅಂತ ಕೂಗಿದ್ರು.
ಚೀಟೀಲಿ ಒಂದು ಉದ್ದದ ಇಂಗ್ಲಿಷ್ ಪದ.
ಓದಕ್ಕೆ ಬರಾಕಿಲ್ಲ.
ನಾ ಹೊಲಿಯೋದ್ರ ಮೇಲಿರೋದೂ ಓದಕ್ಕೆ ಬರಾಕಿಲ್ಲ.

ಮಾತ್ರೆ ಸುಳ್ಳಲ್ಲ. ನಿದ್ದೆ ಬಂತು.
ಆದ್ರೆ ಈಗ ಸಾರಿಗೆ ಉಪ್ಪು ಹೆಚ್ಚಾದ್ರೂ ಆ ಪದ,
ಸೂಪರ್‌ವೈಜರ್ ಬೈದಾಂತ ಅತ್ರೂ ಆ ಪದ,
ನಕ್ಕರೆ ಅತ್ತೆ ಬಾಗ್ಲಲ್ಲಿ ನಿಂತು
"ಇವತ್ತಿಂದು ತಕಂಡ್ಯಾ?"

ಇಪ್ಪತ್ತು ದಿನಕ್ಕೇ ಕೆಲ್ಸಕ್ಕೆ ಬಾ ಅಂದ್ರಲ್ಲ,
ಎದೆಹಾಲಿಗೆ ರವಿಕೆ ನೆಂದು, ಮಿಸಿನ್ ಮುಂದೆ
ಬಗ್ಗೇ ಕುಂತಿದ್ನಲ್ಲ,
ಆ ಫ್ಯಾಕ್ಟ್ರಿಗೆ ಯಾವ ಕಾಯಿಲೆ?
ಅದ್ಕೊಂದು ಚೀಟಿ ಬರಿಯೋರು
ಯಾವ ರೂಮಲ್ಲಿ ಕೂತವ್ರೆ?

ಪಕ್ಕದ ಮಿಸಿನ್ ಬೋರಮ್ಮ
ಊಟದ ಹೊತ್ನಲ್ಲಿ ಮೆಲ್ಲಗೆ ಕೇಳಿದ್ಲು,
"ಒಳಗೊಳಗೇ ಏನಂತ ಕರೀತೀಯೆ ಅದ್ನ?"
ಹೇಳ್ದೆ.
ಮುದ್ದೆ ಮುರಿದು ಅರ್ಧ ನನ್ ತಟ್ಟೆಗಿಟ್ಟು
ಆ ಹೆಸ್ರ ಒಂದ್ಸಲ ತಾನೂ ಅಂದ್ಲು,
ಯಾರ್ನೋ ಊಟಕ್ಕೆ ಕರ್ದಂಗೆ.

ಬೆಲ್ಲು ಹೊಡೀತು.
ಕತ್ತಿನ ಹಿಂದೆ ಏನೋ ಚುಚ್ತಾನೇ ಇತ್ತು,
ಕೈ ಹಾಕಿ ನೋಡ್ಕಂಡೆ.