ಕುಬ್ಬೂಸಿನ ವ್ಯಾನು

ಬತಾಕ ಮುಗಿಯಲು ಇನ್ನು ನಲವತ್ತೊಂದು ದಿನ ಉಂಟು ಅಂದರು ಇವರು.
ಬೇಕರಿಯವರು ಕೊಟ್ಟ ಲೆಕ್ಕದ ಹಣದಲ್ಲಿ
ಬೇಕರಿಯದೇ ಹಳೆ ವ್ಯಾನು ಕೊಂಡರು,
ಇಪ್ಪತ್ತೊಂಬತ್ತು ವರ್ಷದಲ್ಲಿ ಇವರು ಸವೆಸಿದ್ದರಲ್ಲಿ ನಾಲ್ಕನೆಯದ್ದು.
ಕಪಾಟು ಕಳಚಿ, ಹಲಗೆ ಹೊಡೆದು, ಮೇಲೊಂದು ಹಾಸಿಗೆ,
ಒಂದು ಗ್ಯಾಸಿನ ಒಲೆ, ಎರಡು ಕ್ಯಾನು ನೀರು,
ನನಗೆ ವಿಸಿಟ್ ವೀಸಾ.
ಗಾಡಿಯ ಕಾಗದಕ್ಕೆ ಇಲ್ಲಿ ಮುಲ್ಕಿಯಾ ಅನ್ನುತ್ತಾರಂತೆ.
ನಾನೇ ಮೂಲ್ಕಿಯವಳು ಇದ್ದೇನಲ್ಲ, ಕಾಗದ ಯಾಕೆ, ಅಂದೆ.
ನಗಲಿಲ್ಲ. ಚಕ್ರದ ಗಾಳಿ ನೋಡುತ್ತಿದ್ದರು.

ಈ ಊರುಗಳೆಲ್ಲ ನನಗೆ ಮೊದಲೇ ಗೊತ್ತು.
ಇಬ್ರಿ, ಇಬ್ರಾ, ಸೂರ್, ಹೈಮಾ,
ಶುಕ್ರವಾರದ ಫೋನಿನಲ್ಲಿ ಕೇಳಿ ಕೇಳಿ
ಒಂದೊಂದಕ್ಕೆ ಒಂದೊಂದು ಬಣ್ಣ ಹಚ್ಚಿ ಇಟ್ಟುಕೊಂಡಿದ್ದೆ.
ಸೂರ್ ಅಂದರೆ ನೀಲಿ. ಅದೊಂದು ಸರಿಯಾಯಿತು.
ಹೈಮಾ ಹಸಿರು ಅಂದುಕೊಂಡಿದ್ದೆ, ಯಾಕೋ.

ನೋಡುವ ಜಾಗಕ್ಕೆಲ್ಲ ಕರೆದುಕೊಂಡು ಹೋದರು, ಪಾಪ.
ನೆಲ ಕುಸಿದು ಕಡಲನ್ನು ಒಳಗೆ ಬಿಟ್ಟುಕೊಂಡ ಗುಂಡಿ,
ಮೆಟ್ಟಿಲಿಳಿದರೆ ಪಚ್ಚೆ ನೀರು.
ಮೇಲೆಯೇ ನಿಂತು ಇವರು ಹೇಳಿದ್ದು:
"ಆಚೆ ರಸ್ತೆಯಲ್ಲಿ ಖಲ್ಫಾನನ ಅಂಗಡಿ ಇತ್ತು. ದಿನಕ್ಕೆ ಅರವತ್ತು ಪ್ಯಾಕೆಟ್."
ಕೋಟೆಯ ಮುಂದೆ: "ಇಲ್ಲಿ ಮೂವತ್ತು. ಈದಿಗೆ ಐವತ್ತು."
ಹತ್ತು ನಿಮಿಷ ಆದರೆ ಕೈ ಬೀಗದಕೈ ಹುಡುಕುತ್ತದೆ.
ಸಾವಿರ ಸಲ ಹಾದ ದಾರಿಯಲ್ಲಿ
ಎಡಕ್ಕೆ ಕಡಲು ಉಂಟೆಂದು ಗೊತ್ತಿತ್ತು ಇವರಿಗೆ,
ಅದರ ನೀರು ಬೆಚ್ಚಗೆಂದು ಗೊತ್ತಿರಲಿಲ್ಲ.

ಫಿನ್ಸಿನ ಮರಳಲ್ಲಿ ರಾತ್ರಿ.
ಪಕ್ಕದಲ್ಲಿ ಲಾರಿಯಷ್ಟು ದೊಡ್ಡ ಮನೆಗಾಡಿ,
ಜರ್ಮನಿಯಿಂದ ಓಡಿಸಿಕೊಂಡೇ ಬಂದ ಗಂಡಹೆಂಡತಿ, ನಮ್ಮದೇ ಪ್ರಾಯ.
ಆಕೆ ಬಾಗಿಲು ತೆರೆದು ಎಲ್ಲ ತೋರಿಸಿದಳು,
ಶವರು, ಫ್ರಿಜ್ಜು, ಕುಂಡದಲ್ಲಿ ಕಾಮಕಸ್ತೂರಿಯಂಥ ಒಂದು ಗಿಡ.
ನಾನೂ ನನ್ನದನ್ನು ತೋರಿಸಿದೆ.
ಮೂಗರಳಿಸಿ ಏನೋ ಕೇಳಿದಳು.
ಬ್ರೆಡ್, ಅಂದೆ. ಎಷ್ಟು ತೊಳೆದರೂ ಹೋಗದ ಹುಳಿಹಿಟ್ಟಿನ ವಾಸನೆ.
ಆಕೆ ಕಣ್ಣು ಮುಚ್ಚಿ ಇನ್ನೊಮ್ಮೆ ಎಳೆದುಕೊಂಡಳು.

ಆಮೆ ನೋಡಲು ಟಿಕೆಟ್ಟು. ಕತ್ತಲಲ್ಲಿ ಸಾಲಾಗಿ,
ಟಾರ್ಚು ಬೇಡ, ಮಾತು ಬೇಡ.
ಆಮೆ ತೋಡಿತು, ಸೋತು ನಿಂತಿತು, ಮತ್ತೆ ತೋಡಿತು.
"ಬೆಳಗ್ಗೆ ನಾಲ್ಕಕ್ಕೆ ಲೋಡು ಮಾಡುವಾಗ
ನನ್ನ ಉಸಿರೂ ಹೀಗೇ" ಅಂದರು, ಕಿವಿಯಲ್ಲಿ.
ದಣಿವಿನ ಮಾತು ಆಡಿದ್ದು ಅದೊಂದೇ ಸಲ.
ಗೈಡು ಶ್ ಅಂದ.

ಸಲಾಲದಲ್ಲಿ ಜನ ಮಳೆ ನೋಡಲು ಡೇರೆ ಹಾಕಿದ್ದರು.
ಮಕ್ಕಳನ್ನು ಹೊರಗೆ ನಿಲ್ಲಿಸಿ ನೆನೆಸುತ್ತಿದ್ದರು.
ಇದಕ್ಕಾ ಮಾರಾಯ್ರೆ ಸಾವಿರ ಕಿಲೋಮೀಟರು?
ಬಟ್ಟೆ ಒಣಗದ ಈ ಜಿರಿಜಿರಿಗೆ?
ಕುವೈತಿನ ಅಜ್ಜಿಯೊಬ್ಬಳು ಕಾವಾ ಕೊಟ್ಟು,
ನನ್ನ ಅಂಗೈ ಮಗುಚಿ ಆಕಾಶಕ್ಕೆ ಹಿಡಿದಳು,
ನನಗೂ ಮಳೆಗೂ ಪರಿಚಯ ಮಾಡಿಸುವವಳ ಹಾಗೆ.
ಸುಮ್ಮನೆ ಹಿಡಿದು ನಿಂತೆ.

ವಾಪಸು ಬರುವಾಗ ಹೈಮಾ.
ಹಸಿರಿರಲಿ, ಬಣ್ಣವೇ ಇಲ್ಲ. ಪೆಟ್ರೋಲ್ ಬಂಕು, ಧೂಳು.
ನಾನು ಹಿಂದೆ ಮಲಗಿದ್ದೆ.
ಬಿಳಿ ಪೇಂಟಿನಡಿಯಿಂದ ಬೇಕರಿಯ ಹೆಸರು ಇನ್ನೂ ಇಣುಕುತ್ತದಲ್ಲ,
ಅದನ್ನು ಕಂಡ ಅಂಗಡಿಯವ ಓಡಿಬಂದ.
"ಇದ್ದೀನ್, ಇಷ್ಟು ದಿನ ಎಲ್ಲಿ ಸತ್ತಿದ್ದೆ?"
ಅನ್ನುತ್ತಲೇ, ವಾಡಿಕೆಯಂತೆ, ಹಿಂಬಾಗಿಲು ಎಳೆದ.
ಕುಬ್ಬೂಸಿನ ಜಾಗದಲ್ಲಿ ನಾನು,
ತಲೆಗೆ ಬಟ್ಟೆಯಿಲ್ಲದೆ, ಬಾಯಿ ತೆರೆದುಕೊಂಡು.
ಯಾ ಅಲ್ಲಾಹ್! ಬಾಗಿಲು ಬಡಿದ.
ಹೊರಗೆ ಇವರ ನಗು ಕೇಳಿತು.
ಫೋನಿನಲ್ಲಿ ಯಾವತ್ತೂ ಬಾರದ್ದು,
ಕೆಮ್ಮಿನಲ್ಲಿ ಮುಗಿಯುವಂಥದ್ದು.

ನಮ್ಮ ಪಾಲಿನ ಅರ್ಧ ಪ್ಯಾಕೆಟ್ಟು ಅವನಿಗೆ ಹೋಯಿತು.
ಬೇಡವೆಂದರೂ ನೂರು ಬೈಸ ಸೀಟಿನ ಮೇಲಿಟ್ಟ.
ಇನ್ನು ಹನ್ನೊಂದು ದಿನ.
"ಇವತ್ತು ಇಲ್ಲೇ ನಿಲ್ಲುವನಾ?" ಕೇಳಿದರು.
ಇಲ್ಲಿ ನೋಡಲಿಕ್ಕೆ ಏನುಂಟು, ಅಂದೆ.
"ಏನಿಲ್ಲ" ಅನ್ನುತ್ತಾ
ಬೀಗದಕೈ ತೆಗೆದು ನನ್ನ ಕೈಯಲ್ಲಿಟ್ಟರು.