ಅಳತೆ ಪುಸ್ತಕ

ಮೂವತ್ತೇಳು ಬಿಳಿ ಕೋಟು, ಹದಿನೆಂಟು ದಿನ.
ಬೋಲ್ಗಟಂಗದ ಲಾರಿ ನಿಲ್ದಾಣದ ಹಿಂದೆ
‘ತಾಳ್ಮೆಯೇ ಮದ್ದು’ ಎಂದು ಬೋರ್ಡು ಬರೆಸಿದ
ನನ್ನ ತಗಡಿನ ಅಂಗಡಿಯಲ್ಲಿ
ಕರೆಂಟು ಇದ್ದಾಗಲೂ ತುಳಿದೆ, ಹೋದಾಗಲೂ ತುಳಿದೆ.
ಉತ್ತರದಿಂದ ಮರಳುಗಾಡಿನ ಧೂಳು ಹೊತ್ತು ಬರುವ ಹರ್ಮಟಾನ್ ಗಾಳಿ
ಬಿಳಿಗೆ ಹುಟ್ಟು ವೈರಿ.
ಮುಗಿದ ಒಂದೊಂದನ್ನೂ ಹೆಂಡತಿಯ ಹಳೆ ಬಟ್ಟೆಯಲ್ಲಿ
ಎಳೆ ಕೂಸಿನಂತೆ ಸುತ್ತಿಟ್ಟೆ.

ಇವತ್ತು ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿ ನನ್ನದು.
ಕರೆದವರಿಲ್ಲ. ಬೇವಿನ ನೆರಳಿಗೆ ಯಾರ ಕರೆಯೋಲೆ?
ಮೈಕಿನಲ್ಲಿ ಒಂದೊಂದೇ ಹೆಸರು ಕೂಗುತ್ತಾರೆ.
ನನಗೆ ಹೆಸರು ತಲೆಗೆ ಹತ್ತುವುದಿಲ್ಲ,
ಹೆಗಲು ಹತ್ತುತ್ತದೆ.

ಹದಿನೈದೂವರೆ ಇಂಚು: ಅಪೋಕ.
ಎಡ ಹೆಗಲು ಬಲಕ್ಕಿಂತ ಅರ್ಧ ಇಂಚು ಕೆಳಗೆ.
ಇಂಥದ್ದನ್ನು ಗಿರಾಕಿಯ ಮುಖಕ್ಕೆ ಹೇಳುವವನು ದರ್ಜಿಯಲ್ಲ;
ಬಾಯಿ ಮುಚ್ಚಿ ಪುಸ್ತಕಕ್ಕೆ ಬರೆದುಕೊಂಡೆ,
ಒಳಗೆ ಒಂದು ಚೂರು ಹತ್ತಿ ಇಟ್ಟು ಸಮ ಮಾಡಿದೆ.
ತೊಟ್ಟು ನೋಡುವ ದಿನ ಎರಡು ಬೆರಳಲ್ಲಿ ಒತ್ತಿ ಒತ್ತಿ
ಹತ್ತಿ ಇದ್ದ ಜಾಗ ಹಿಡಿದೇಬಿಟ್ಟಳು.
‘ತೆಗೆದುಬಿಡಿ ಮಾಸ್ಟರ್, ಇದು ನನ್ನದೇ ಹೆಗಲು.’

ಆ ಉದ್ದನೆಯವನು, ಅಯಿಂಬಿಸ,
ಜೇಬು ಒಂದು ಗೇಣು ಆಳ ಬೇಕೆಂದ.
ಯಾಕಯ್ಯಾ, ಅಷ್ಟು ದುಡ್ಡು ಬರುತ್ತದಾ, ಅಂದೆ.
ಟಾರ್ಚಿಗೆ, ಅಂದ. ಹೊಳೆ ದಾಟಿದ ಮೇಲೆ ಕರೆಂಟಿಲ್ಲ,
ಹೆರಿಗೆಗಳು ರಾತ್ರಿಯನ್ನೇ ಹುಡುಕಿಕೊಂಡು ಬರುತ್ತವೆ.

ಇನ್ನೊಬ್ಬಳು ಹೊಟ್ಟೆಯ ಹತ್ತಿರ ಒಳಗೆ ಬಟ್ಟೆ ಬಿಡಿ,
ಆಮೇಲೆ ಬಿಚ್ಚುವಂತಿರಲಿ ಅಂದಳು, ಕಣ್ಣು ನೆಲದಲ್ಲಿ.
ಅವಳ ಪುಟದಲ್ಲಿ ಅಂಕಿ ಬರೆಯಲಿಲ್ಲ, ಒಂದು ಸೊನ್ನೆ ಸುತ್ತಿದೆ.
ಮತ್ತೊಬ್ಬ ಕೂಲಿಗೆ ಎರಡು ಗಿನಿಕೋಳಿ ತಂದ.
ಒಂದು ಹಾರಿಹೋಯಿತು.
ಬಾಕಿ ಹಾಗೇ ಇದೆ.

ಮುಖ್ಯ ಅತಿಥಿ ಬೆರಳೆತ್ತಿ ಎಚ್ಚರಿಸಿದರು:
‘ನೀವು ಡಾಕ್ಟರ ಸಹಾಯಕರು, ಡಾಕ್ಟರಲ್ಲ.
ನಿಮ್ಮ ಮೇಲೆ ಒಬ್ಬ ಡಾಕ್ಟರು ಇರುತ್ತಾರೆ, ಮರೆಯಬೇಡಿ.’
ನನ್ನ ಪಕ್ಕದ ಮುದುಕಿ, ಯಾರ ಅಜ್ಜಿಯೋ,
ಕೋಲಾ ಕಾಯಿ ಜಗಿಯುತ್ತ ಕೇಳಿದಳು:
‘ಮೇಲೆ ಅಂದರೆ? ಆಕಾಶದಲ್ಲಾ?
ಅರವತ್ತು ವರ್ಷದಿಂದ ನೋಡ್ತಿದ್ದೇನೆ,
ನಮ್ಮೂರಿಗೆ ಇಳಿದು ಬಂದದ್ದು ಕಾಣೆ.’

ಆಮೇಲೆ ಪ್ರಮಾಣ. ಎಲ್ಲರೂ ಒಮ್ಮೆಗೇ ಬಲಗೈ ಎತ್ತಿದರು.
ಅವರು ಜೀವ, ಸಾವು, ರೋಗಿಯ ಗುಟ್ಟು ಎಂದೆಲ್ಲ ಹೇಳುತ್ತಿದ್ದರೆ
ನಾನು ಕಂಕುಳ ಹೊಲಿಗೆ ನೋಡುತ್ತಿದ್ದೆ,
ಬಿಡಬೇಡ, ಈಗ ಬಿಡಬೇಡ, ಎಂದು ದಾರವನ್ನು ಬೇಡುತ್ತ.
ದಾರ ಮಾತು ಉಳಿಸಿಕೊಂಡಿತು.

ಎಣಿಸಿದೆ. ಮೂವತ್ತಾರು ಕೈ.
ಇಪ್ಪತ್ತೆರಡನೇ ಪುಟದ ಹುಡುಗ ಬಂದಿಲ್ಲ.
ಕೊನೆಯ ಫೀಸು ಹೊಂದಿಸಲು ಚಿನ್ನದ ಗುಂಡಿಗೆ ಇಳಿದನಂತೆ.
ಗುಂಡಿ ಎಂದರೆ ನನಗೆ ಗೊತ್ತಿದ್ದದ್ದು ಕೋಟಿನದು ಮಾತ್ರ.
ಅವನದು ಅಂಗಡಿಯ ಮೊಳೆಗೆ ನೇತಾಡುತ್ತಿದೆ,
ಉದ್ದ ತೋಳು, ಕಿರಿದಾದ ಎದೆ,
ಇನ್ನೊಬ್ಬರಿಗೆ ಆಗುವುದಿಲ್ಲ.
ಬಿಚ್ಚಲು ಕೈ ಬರುವುದಿಲ್ಲ.

ಫೋಟೋ, ಡೋಲು, ಪಟ್ಟೆಪಟ್ಟೆ ಬಟಕಾರಿ ತೊಟ್ಟ ಮಾವಂದಿರ ಕುಣಿತ.
ಆ ಗದ್ದಲದಲ್ಲಿ ಅಪೋಕ ಓಡಿ ಬಂದು ಕೈ ಹಿಡಿದಳು.
ಕುಲುಕುತ್ತಾಳೆ ಅಂದುಕೊಂಡೆ.
ಬೆರಳು ಮಣಿಕಟ್ಟಿಗೆ ಜಾರಿತು, ಕಣ್ಣು ಗಡಿಯಾರಕ್ಕೆ.
ಟೇಪು ಸುತ್ತಿದಾಗ ಗಿರಾಕಿಗಳು ಮಾಡುವ ಹಾಗೆ
ನಾನೂ ಉಸಿರು ಬಿಗಿಹಿಡಿದೆ.
ನಲವತ್ತು ವರ್ಷ ಊರನ್ನೆಲ್ಲ ಅಳೆದವನು,
ನನ್ನ ಅಂಗಿಯನ್ನು ಮಾತ್ರ ಹಳೆ ಅಂಗಿ ನೋಡಿ ಕತ್ತರಿಸಿದವನು.
‘ಎಷ್ಟಿದೆಯಮ್ಮಾ?’ ಅಂದೆ.

ಹೇಳಲಿಲ್ಲ.
ನಾನೇ ಹೊಲಿದ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು
ಬಾಯಿ ಮುಚ್ಚಿ ಬರೆದುಕೊಂಡಳು.
‘ಸೋಮವಾರ ಬನ್ನಿ ಮಾಸ್ಟರ್,
ಬೆಳಿಗ್ಗೆಯೇ.’