ಬೇರಿಂಗು

ಗೋಣಿಕೊಪ್ಪದ ನನ್ನ ಗ್ಯಾರೇಜಿನಲ್ಲಿ
ಸವೆದ ಬೇರಿಂಗುಗಳಿಗೆಂದೇ ಒಂದು ಡಬ್ಬಿಯಿತ್ತು.
ಗುಜರಿಯವನು ತಿಂಗಳಿಗೊಮ್ಮೆ ತೂಗಿ ಒಯ್ಯುತ್ತಿದ್ದ.
ಈಗ ಕೊಡುವುದಿಲ್ಲ.
ಈಗ ಅವು ಪೂವಿಯ ಆಸ್ತಿ.

ನಾಲ್ಕು ವರ್ಷ ಅವಳಿಗೆ.
ತೋರುಬೆರಳಿಗೆ ಬೇರಿಂಗು ತೊಟ್ಟು
ಹೊರಬಳೆಯನ್ನು ಒಮ್ಮೆ ತಟ್ಟಿ
ಕಿವಿಯ ಹತ್ತಿರ ತರುತ್ತಾಳೆ.
ಒಳಗಿನ ಗುಂಡುಗಳು ಏನು ಹೇಳುತ್ತವೋ,
ಅರಳುತ್ತದೆ ಮುಖ,
ನಾನು ಹೆಸರು ಹಿಡಿದು ಎಷ್ಟು ಕೂಗಿದರೂ ಅರಳದ ಮುಖ.

ಮೊದಮೊದಲು ಕಸಿದು ಅಟ್ಟಕ್ಕಿಟ್ಟೆ.
ಮೈಸೂರಿನಿಂದ ಗೊಂಬೆ ತಂದೆ, ಕಣ್ಣು ಮುಚ್ಚಿ ತೆರೆಯುವುದು.
ಅದನ್ನು ಬೋರಲು ಹಾಕಿ
ಬೆನ್ನಿನ ತಿರುಪು ಹುಡುಕಿದಳು.
ಮೆಕ್ಯಾನಿಕ್ಕಿನ ಮಗಳಲ್ಲವಾ, ಎಂದು ಮುತ್ತವ್ವ ನಕ್ಕಳು.
ನಕ್ಕವಳು ಒಲೆಯ ಕಡೆ ಮುಖ ಮಾಡಿ
ತುಂಬ ಹೊತ್ತು ಈ ಕಡೆ ತಿರುಗಲಿಲ್ಲ.

ಸಿದ್ದಾಪುರದಿಂದ ಸ್ಕೂಟರಿನಲ್ಲಿ
ಮಂಗಳವಾರ ಸಫೂರಾ ಟೀಚರು ಬಂದರು.
ಚೀಲದ ತುಂಬ ಆಟಿಕೆ ಇರಬಹುದೆಂದು ಇಣುಕಿದೆ.
ಒಂದು ನೋಟ್‌ಬುಕ್ಕು, ನೀರಿನ ಬಾಟಲಿ, ಮಳೆಕೋಟು.
ಅಟ್ಟದ ಡಬ್ಬಿ ಇಳಿಸಿ ಅಂದರು.
ಅವಳು ಇರುವಲ್ಲಿಗೆ ನೀವು ಹೋಗಿ.
ಅವಳನ್ನು ಇಲ್ಲಿಗೆ ಕರೆಯುವುದು ಆಮೇಲಿನ ಮಾತು.

ಅವಳು ಇರುವಲ್ಲಿ ಅಂದರೆ
ಮಂಚದ ಕೆಳಗೆ.

ಹದಿನೆಂಟು ವರ್ಷ ಜೀಪುಗಳ ಅಡಿಗೆ ನುಸುಳಿದವನು ನಾನು,
ಆ ಮಂಚದ ಅಡಿಗೆ ನುಸುಳಲು ನಾಚಿದೆ.
ಅವಳು ಒಂದು ತಿರುಗಿಸಿದಳು, ನಾನೂ ಒಂದು.
ಅವಳು ನಿಲ್ಲಿಸಿದಳು, ನಾನೂ.
ಮಾತು ಬೇಡ, ಕಾಯಿರಿ, ಎಂದಿದ್ದರು ಟೀಚರು.
ಕಾಯುವುದು ನನಗೆ ಬಾರದ ಕೆಲಸ.
ಬಿಚ್ಚು, ಉಜ್ಜು, ಕೂಡಿಸು, ಕೀಲಿ ತಿರುಗಿಸು,
ಇಷ್ಟೇ ನನ್ನ ವಿದ್ಯೆ.
ಇಲ್ಲಿ ಕೆಟ್ಟು ನಿಂತದ್ದು ಏನೂ ಇಲ್ಲ ಎಂದು ತಿಳಿಯಲು
ತಣ್ಣನೆಯ ನೆಲಕ್ಕೆ ಬೆನ್ನು ಕೊಟ್ಟು
ಎಷ್ಟು ಮಂಗಳವಾರ ಮಲಗಿದೆನೋ.

ಒಂದು ದಿನ, ಟೀಚರು ಕಣ್ಸನ್ನೆ ಮಾಡಿದರು,
ನನ್ನ ಸರದಿಗೆ ತಿರುಗಿಸದೆ ಸುಮ್ಮನಿದ್ದೆ.
ಒಂದು. ಎರಡು. ಮನಸ್ಸಿನಲ್ಲೇ ಎಣಿಸಿದೆ.
ಎಂಟಕ್ಕೆ ಅವಳ ಕೈ ಬಂತು.
ನನ್ನನ್ನು ನೋಡಲಿಲ್ಲ.
ಸ್ಪ್ಯಾನರು ಹಿಡಿಯುವ ಹಾಗೆ ನನ್ನ ಹೆಬ್ಬೆರಳು ಹಿಡಿದು
ಬಳೆಯ ಮೇಲಿಟ್ಟು ಒತ್ತಿದಳು.

ಏನಾಯಿತು, ಎಂದಳು ಬಾಗಿಲಲ್ಲಿ ಮುತ್ತವ್ವ, ಕೈಯಲ್ಲಿ ಸೌಟು.
ಕೇಳಿದಳು, ಎಂದೆ.
ಏನು ಕೇಳಿದಳು?
ಇನ್ನೊಮ್ಮೆ.

ಮರುದಿನ ಕೇಳಲಿಲ್ಲ. ಅದರ ಮರುದಿನವೂ.
ಶುಕ್ರವಾರ ಕಡಂಬುಟ್ಟಿನ ತಟ್ಟೆ ಗೋಡೆಗೆ ಹಾರಿತು,
ತಡೆಯಲು ಹೋದ ನನ್ನ ತುಟಿ ಒಡೆಯಿತು.
ಇದನ್ನೂ ಬರೆದುಕೊಳ್ಳಿ ಅಂದೆ ಟೀಚರಿಗೆ.
ಬರೆದುಕೊಂಡರು. ತಟ್ಟೆ ಹಾರುವ ಮೊದಲು
ಮಿಕ್ಸಿ ಓಡುತ್ತಿತ್ತಾ, ಎಂದು ಕೇಳಿದರು.
ಓಡುತ್ತಿತ್ತು.

ಪುತ್ತರಿಗೆ ಐನ್‌ಮನೆಗೆ ಹೋದೆವು.
ಕದಿರು ಕೊಯ್ಯುವಾಗ ಗುಂಡು ಹಾರಿಸುವುದು
ನಮ್ಮ ಒಕ್ಕದಲ್ಲಿ ವರ್ಷವೂ ನಾನೇ.
ಈ ಸಲ ಕೋವಿಯನ್ನು ತಮ್ಮ ಬೋಜಣ್ಣನಿಗೆ ಕೊಟ್ಟು
ಗದ್ದೆಯ ಆಚೆ ತುದಿಗೆ ಹೋಗಿ ಹಾರಿಸು ಎಂದೆ.
ಎಲ್ಲಿ ಅವನು, ಎಂದು ದೊಡ್ಡಪ್ಪ ಹುಡುಕುವಾಗ
ನಾನು ಮಂಚದ ಕೆಳಗಿದ್ದೆ.

ಗುಂಡು ಹಾರಿತು.
ಮಂಚ ನಡುಗಿತೋ ಅವಳು ನಡುಗಿದಳೋ.
ಎರಡೂ ಕೈ ಕಿವಿಗೆ ಹೋಯಿತು, ಬೇರಿಂಗು ಎಲ್ಲೋ ಉರುಳಿತು.
ಹೊರಗೆ ಬೆಳದಿಂಗಳಲ್ಲಿ ಪೊಲಿ ಪೊಲಿ ದೇವಾ ಎಂಬ ಕೂಗು.
ಕಾದೆ. ಎಂಟು ದಾಟಿತು, ಮೂವತ್ತು ದಾಟಿತು,
ಎಣಿಕೆ ತಪ್ಪಿತು.

ಆಮೇಲೆ ಒಂದೇ ಕೈ ಕೆಳಗಿಳಿಯಿತು,
ಕತ್ತಲಲ್ಲಿ ತಡಕಿ ನನ್ನ ಹೆಬ್ಬೆರಳು ಹಿಡಿಯಿತು.
ಬೇರಿಂಗು ಇರಲಿಲ್ಲ. ಬೆರಳನ್ನೇ ತಿರುಗಿಸಿದಳು,
ಆ ಕಡೆ, ಈ ಕಡೆ,
ಎತ್ತಿ ಕಿವಿಯ ಹತ್ತಿರ ತಂದಳು.
ಎಷ್ಟು ತೊಳೆದರೂ ಗ್ರೀಸು ಬಿಡದ ಆ ಬೆರಳಿನೊಳಗೆ
ಏನು ಕೇಳಿಸಿತೋ,
ತಿರುಗಿಸಿದಳು ಇನ್ನೊಮ್ಮೆ.